ಕೆಲವೇ ಗಂಟೆ ಈಜುವ ಮರಿ, ಸಾಗರ ದಾಟಿದ ಸಂತತಿ

ಮೈಸೂರಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದ ನನ್ನ ತಲೆಮಾರಿನವರು ಹರ್ಡ್‌ಮಾನಿಯಾ ಎಂಬ ಹೆಸರನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಕಡಲು ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆ ಇದ್ದರೂ ಕಡಲಿನ ಈ ಪ್ರಾಣಿ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ, ಹಳದಿಗಟ್ಟಿದ ಫಾರ್ಮಲಿನ್ ಜಾಡಿಯೊಳಗೆ, ಸುಕ್ಕುಬಿದ್ದ ಆಲೂಗಡ್ಡೆಯಂತೆ ವರ್ಷಗಟ್ಟಲೆ ಕುಳಿತಿರುತ್ತಿತ್ತು. ಪ್ರಾಯೋಗಿಕ ಪರೀಕ್ಷೆಯ ದಿನ ಅದರ ಮೈಯ ಒಂದು ಚೂರನ್ನು ಪ್ರನಾಳಕ್ಕೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸುರಿದು, ಸ್ಪಿರಿಟ್ ದೀಪದ ಮೇಲೆ ಹದವಾಗಿ ಕಾಯಿಸಬೇಕಿತ್ತು. ಮಾಂಸವೆಲ್ಲ ಕರಗಿ ತಳದಲ್ಲಿ ಉಳಿದ ಬಿಳಿಯ ಪುಡಿಯನ್ನು ತೊಳೆದು, ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮುಳ್ಳಿನ ಬಳೆಗಳನ್ನು ಸಾಲಾಗಿ ತೊಟ್ಟ ಸುಣ್ಣದ ಸೂಜಿಗಳು ಕಾಣುತ್ತಿದ್ದವು. ಚಿತ್ರ ಬರೆದು, ಭಾಗ ಗುರುತಿಸಿ, ಅಂಕ ಗಿಟ್ಟಿಸಿಕೊಂಡು ಹೊರಬಂದ ಮೇಲೆ ಆ ಪ್ರಾಣಿಯ ಗೊಡವೆ ನಮಗಿರಲಿಲ್ಲ. ಅದರ ಬಂಧುಗಳು ಜಗತ್ತಿನ ಬಂದರುಗಳಲ್ಲಿ ಏನು ಮಾಡುತ್ತಿವೆ ಎಂಬುದು ಪಠ್ಯದಲ್ಲಿ ಇರಲೂ ಇಲ್ಲ.

ಹರ್ಡ್‌ಮಾನಿಯಾ ಸೇರಿದ ಗುಂಪಿಗೆ ಅಸಿಡಿಯನ್ ಎಂದು ಹೆಸರು. ಮುಟ್ಟಿದರೆ ಮೈಯೊಳಗಿನ ನೀರನ್ನು ಪಿಚಕಾರಿಯಂತೆ ಚಿಮ್ಮಿಸುವುದರಿಂದ ಇಂಗ್ಲಿಷಿನಲ್ಲಿ ಇವನ್ನು ಸೀ ಸ್ಕ್ವರ್ಟ್ ಎನ್ನುತ್ತಾರೆ. ಸುಮಾರು 3,000 ಪ್ರಭೇದಗಳಿರುವ ಈ ಗುಂಪಿನ ಬಹುಪಾಲು ಸದಸ್ಯರು ತಮ್ಮ ತಮ್ಮ ಕಡಲಿನ ಬಂಡೆಗಳಿಗೆ ಅಂಟಿಕೊಂಡು, ಯಾರ ತಂಟೆಗೂ ಹೋಗದೆ ಬದುಕುತ್ತವೆ. ಆದರೆ ಕೆಲವು ಪ್ರಭೇದಗಳು ಕಳೆದ ಏಳು ದಶಕಗಳಲ್ಲಿ ತವರಿನ ಕಡಲನ್ನು ಬಿಟ್ಟು ಯುರೋಪ್, ಉತ್ತರ ಅಮೆರಿಕ, ನ್ಯೂಜಿಲೆಂಡ್‌ಗಳ ಬಂದರುಗಳಲ್ಲಿ ಬೀಡುಬಿಟ್ಟಿವೆ. ಚಿಪ್ಪುಮೀನು ಸಾಕುವವರ ಹಗ್ಗಗಳನ್ನೂ, ದೋಣಿ ನಿಲ್ಲಿಸುವ ಕಟ್ಟೆಗಳನ್ನೂ, ಕೆಲವೆಡೆ ಕಡಲತಳದ ನೂರಾರು ಚದರ ಕಿಲೋಮೀಟರನ್ನೂ ಅವು ಹಾಸುಗಂಬಳಿಯಂತೆ ಮುಚ್ಚಿಹಾಕಿವೆ. ಇದರಲ್ಲಿ ನನಗೆ ಮೊದಲಿನಿಂದಲೂ ವಿಚಿತ್ರವೆನಿಸಿದ್ದು ಒಂದೇ ಸಂಗತಿ. ಈ ಪ್ರಾಣಿ ತನ್ನ ಇಡೀ ಜೀವಮಾನದಲ್ಲಿ ಈಜುವುದು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಮಾತ್ರ. ಆಮೇಲೆ ಸಾಯುವವರೆಗೂ ಕೂತಲ್ಲಿಂದ ಕದಲುವುದಿಲ್ಲ. ಇಂಥದ್ದು ಸಾಗರ ದಾಟಿದ್ದು ಹೇಗೆ?

ಮೊದಲು ಅದರ ಮೈಯನ್ನು ನೋಡೋಣ, ಏಕೆಂದರೆ ಆಕ್ರಮಣದ ಗುಟ್ಟು ಅಲ್ಲಿಯೇ ಇದೆ. ಅಸಿಡಿಯನ್ ಎಂದರೆ ಎರಡು ಬಾಯಿಯ ಒಂದು ಚೀಲ. ಮೇಲಿನ ತೂತಿನಿಂದ ನೀರು ಒಳಗೆ ಬರುತ್ತದೆ, ಪಕ್ಕದ ತೂತಿನಿಂದ ಹೊರಗೆ ಹೋಗುತ್ತದೆ. ನಡುವೆ ಇರುವುದು ಸಾವಿರಾರು ಸಣ್ಣ ಸೀಳುಗಳುಳ್ಳ ಗಂಟಲಿನ ಜರಡಿ. ಆ ಜರಡಿಯ ಒಂದು ಬದಿಯಲ್ಲಿರುವ ಕಾಲುವೆಯಂಥ ಅಂಗ ಸದಾ ಲೋಳೆಯನ್ನು ಸ್ರವಿಸುತ್ತಿರುತ್ತದೆ, ಕೂದಲಿನಂಥ ಸೂಕ್ಷ್ಮ ಎಳೆಗಳು ಆ ಲೋಳೆಯನ್ನು ಬಲೆಯಂತೆ ಜರಡಿಯ ಮೇಲೆಲ್ಲ ಹರಡುತ್ತವೆ, ನೀರಿನಲ್ಲಿ ತೇಲಿಬಂದ ಪಾಚಿಯ ಕಣಗಳೂ ಬ್ಯಾಕ್ಟೀರಿಯಾಗಳೂ ಅದಕ್ಕೆ ಅಂಟಿಕೊಂಡು ಹುರಿಯಾಗಿ ಹೊಟ್ಟೆಗೆ ಇಳಿಯುತ್ತವೆ. ಬೇಟೆ ಹುಡುಕಬೇಕಿಲ್ಲ, ಓಡಬೇಕಿಲ್ಲ. ನೀರಿದ್ದರೆ ಊಟವಿದೆ. ನೀರಿನಲ್ಲಿ ಕೊಳಚೆಯ ಪೋಷಕಾಂಶ ಸೇರಿ ಪಾಚಿ ಹೆಚ್ಚಿದಷ್ಟೂ ಊಟ ಇನ್ನಷ್ಟು ಸಮೃದ್ಧ. ಬಂದರಿನ ನಿಂತ ನೀರು ಇವಕ್ಕೆ ಒಗ್ಗುವುದರ ಹಿಂದಿನ ಕಾರಣಗಳಲ್ಲಿ ಇದೂ ಒಂದು. ಅದೇ ನೀರಿನಲ್ಲಿ ಅದೇ ಪಾಚಿಯನ್ನು ಸೋಸಿ ತಿನ್ನುವ ಚಿಪ್ಪುಮೀನಿನ ಪಾಲಿಗೆ ಮಾತ್ರ ಇದು ಪಕ್ಕದ ಎಲೆಗೆ ಬಂದು ಕೂತ ಕರೆಯದ ಅತಿಥಿ.

ಈ ಚೀಲದ ಹೊರಗೋಡೆಯೇ ಟ್ಯೂನಿಕ್, ಅಂದರೆ ಅಂಗಿ. ಜಾಡಿಯಿಂದ ತೆಗೆದ ಹರ್ಡ್‌ಮಾನಿಯಾವನ್ನು ಹೆಬ್ಬೆರಳಿನಿಂದ ಒತ್ತಿದಾಗ ತೊಗಲಿನಂತೆ ಬಿಗಿಯಾಗಿ ಎದುರೊತ್ತುತ್ತಿದ್ದದ್ದು ಇದೇ ಅಂಗಿ. ಇದರಲ್ಲಿ ಸೆಲ್ಯುಲೋಸ್ ಇದೆ. ಹತ್ತಿಯ ಎಳೆಯಲ್ಲೂ, ಕಾಗದದಲ್ಲೂ, ಮಂಡ್ಯದ ಆಲೆಮನೆಗಳಲ್ಲಿ ಒಲೆಗೆ ಹಾಕುವ ಕಬ್ಬಿನ ಸಿಪ್ಪೆಯಲ್ಲೂ ಇರುವ ಅದೇ ಸೆಲ್ಯುಲೋಸ್. ಪ್ರಾಣಿಲೋಕದಲ್ಲಿ ಇದನ್ನು ತಾನೇ ತಯಾರಿಸಿಕೊಳ್ಳುವ ಗುಂಪು ಇದೊಂದೇ. ಅದಕ್ಕೆ ಬೇಕಾದ ಜೀನ್ ಬಹಳ ಹಿಂದೆ ಬ್ಯಾಕ್ಟೀರಿಯಾದಿಂದ ಇವುಗಳ ಪೂರ್ವಜರಿಗೆ ಬಂದು ಸೇರಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಮೀನಿಗೂ ಏಡಿಗೂ ಇಷ್ಟವಾಗದ ಗಡಸು ಅಂಗಿ, ಕೆಲವು ಪ್ರಭೇದಗಳಲ್ಲಿ ಅದರೊಳಗೆ ಸುಣ್ಣದ ಮುಳ್ಳು, ಇನ್ನು ಕೆಲವುಗಳಲ್ಲಿ ಕಹಿಯ ರಾಸಾಯನಿಕಗಳು: ಹೀಗಾಗಿ ಬೆಳೆದ ಅಸಿಡಿಯನ್ನನ್ನು ತಿನ್ನುವವರು ಕಡಿಮೆ. ಹೃದಯದ ವಿಚಾರ ಆಕ್ರಮಣಕ್ಕೆ ಸಂಬಂಧಿಸಿದ್ದಲ್ಲವಾದರೂ ಹೇಳದಿರಲು ಮನಸ್ಸು ಬಾರದು. ಇವುಗಳ ಹೃದಯ ಕೆಲವು ನಿಮಿಷ ಒಂದು ದಿಕ್ಕಿಗೆ ರಕ್ತವನ್ನು ತಳ್ಳಿ, ಕ್ಷಣಕಾಲ ನಿಂತು, ಆಮೇಲೆ ಹಿಮ್ಮುಖವಾಗಿ ತಳ್ಳಲು ತೊಡಗುತ್ತದೆ.

ಇಂಥ ಚೀಲವನ್ನು ಶತಮಾನಗಳ ಕಾಲ ಬಸವನಹುಳು, ಚಿಪ್ಪುಮೀನುಗಳ ಪಂಕ್ತಿಯಲ್ಲಿ ಕೂರಿಸಿದ್ದರು. 1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್ಸ್ಕಿ ಇದರ ಮರಿಯನ್ನು ಪರೀಕ್ಷಿಸಿ, ಅದರ ಬಾಲದಲ್ಲಿ ನೋಟೋಕಾರ್ಡ್, ಅಂದರೆ ಬೆನ್ನೆಲುಬಿನ ಪೂರ್ವರೂಪದಂಥ ಸರಳು, ಇದೆ, ಅದರ ಮೇಲ್ಭಾಗದಲ್ಲಿ ನರದ ಹುರಿಯಿದೆ ಎಂದು ತೋರಿಸಿದ ಮೇಲೆ, ಅಸಿಡಿಯನ್ನುಗಳು ಬೆನ್ನೆಲುಬಿನ ಪ್ರಾಣಿಗಳ, ಅಂದರೆ ನಮ್ಮ, ದಾಯಾದಿಗಳಾದವು. ಡಾರ್ವಿನ್ 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆಯುವಾಗ ಈ ಮರಿಯನ್ನು ಆಸಕ್ತಿಯಿಂದ ಚರ್ಚಿಸಿದ್ದಾನೆ. ಗೊದ್ದಮೊಟ್ಟೆಯಂತೆ ಕಾಣುವ, ಕೆಲವೇ ಮಿಲಿಮೀಟರ್ ಉದ್ದದ ಈ ಮರಿಗೆ ಬೆಳಕನ್ನು ಗ್ರಹಿಸುವ ಒಂದು ಚುಕ್ಕೆಯೂ, ಮೇಲು ಕೆಳಗು ತಿಳಿಸುವ ಒಂದು ಕಣವೂ ಇರುತ್ತವೆ. ಆದರೆ ಊಟ ಮಾಡುವ ವ್ಯವಸ್ಥೆ ಇರುವುದಿಲ್ಲ. ಮೊಟ್ಟೆಯಿಂದ ಬಂದ ಬುತ್ತಿ ಮುಗಿಯುವುದರೊಳಗೆ ಅದು ನೆರಳಿನ ಗಟ್ಟಿ ಜಾಗವೊಂದನ್ನು ಹುಡುಕಿಕೊಳ್ಳಬೇಕು. ಸಿಕ್ಕೊಡನೆ ತಲೆಯನ್ನು ಅಲ್ಲಿಗೆ ಅಂಟಿಸುತ್ತದೆ, ಬಾಲ ಮೈಯೊಳಗೆ ಕರಗುತ್ತದೆ, ನೋಟೋಕಾರ್ಡ್ ಮಾಯವಾಗುತ್ತದೆ, ಮರಿಯ ಮೆದುಳಿನ ಹೆಚ್ಚಿನ ಭಾಗ ಅಳಿದು ಸಣ್ಣ ನರಗಂಟೊಂದು ಉಳಿಯುತ್ತದೆ, ಒಳಗಿನ ಅಂಗಗಳೆಲ್ಲ ಮಗ್ಗುಲು ಬದಲಿಸಿ ಬಾಯಿಗಳೆರಡೂ ನೀರಿನ ಕಡೆಗೆ ತಿರುಗುತ್ತವೆ. ಇನ್ನು ಅಲ್ಲಿಯೇ ಮನೆ.

ಒಂಟಿಯಾಗಿ ಬದುಕುವ ಅಸಿಡಿಯನ್ನುಗಳಿಗೆ ಕಥೆ ಇಲ್ಲಿಗೆ ಮುಗಿಯುತ್ತದೆ. ಗುಂಪಾಗಿ ಬದುಕುವ ಪ್ರಭೇದಗಳಲ್ಲಿ ನಿಜವಾದ ತೊಂದರೆ ಇಲ್ಲಿಂದಲೇ ಶುರು. ಅಲ್ಲಿ ಮೊದಲು ನೆಲೆಯೂರಿದ ಮರಿ ತನ್ನ ಪಕ್ಕದಲ್ಲೇ ಮೊಗ್ಗು ಬಿಟ್ಟು ತನ್ನ ಪ್ರತಿರೂಪವನ್ನು ಬೆಳೆಸುತ್ತದೆ, ಆ ಪ್ರತಿರೂಪ ಇನ್ನೊಂದನ್ನು; ಒಂದೆರಡು ಮಿಲಿಮೀಟರ್ ಗಾತ್ರದ ಸಾವಿರಾರು ಜೀವಿಗಳು ಒಂದೇ ಅಂಗಿಯನ್ನು ಹೊದ್ದು ಅಂಗೈ ಅಗಲದ, ಆಮೇಲೆ ಚಾಪೆ ಅಗಲದ ಹಾಸಾಗುತ್ತವೆ. ಹಾಸಿನ ತುಣುಕೊಂದು ಹರಿದು ನೀರಿಗೆ ಬಿದ್ದರೆ ಸಾಯುವುದಿಲ್ಲ, ತೇಲಿಹೋಗಿ ಬೇರೆ ಕಡೆ ಅಂಟಿಕೊಂಡು ಹೊಸ ಹಾಸಾಗುತ್ತದೆ. ಮಂಡ್ಯದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಲ್ಲೆಯನ್ನು ತುಂಡು ಮಾಡಿ ಮಣ್ಣಿನಲ್ಲಿ ಮಲಗಿಸಿದರೆ ಪ್ರತಿ ಗಿಣ್ಣಿನ ಕಣ್ಣೂ ಒಂದೊಂದು ಕಬ್ಬಾಗುತ್ತದೆ. ಕತ್ತರಿಸುವುದೇ ಅಲ್ಲಿ ಬಿತ್ತನೆ. ನಮ್ಮ ಕೆರೆಗಳ ನೇರಳೆ ಹೂವಿನ ಅಂತರಗಂಗೆಯೂ ಹೀಗೆಯೇ ಬಳ್ಳಿ ತುಂಡಾದಲ್ಲೆಲ್ಲ ಹೊಸ ಗಿಡವಾಗುತ್ತದೆ, ಆದ್ದರಿಂದಲೇ ಜೆಸಿಬಿ ತಂದು ಎಳೆದುಹಾಕಿದ ಕೆರೆ ಮರುವರ್ಷ ಮತ್ತೆ ಹಸಿರಾಗಿರುತ್ತದೆ.

ಈಗ ಪ್ರಯಾಣದ ಪ್ರಶ್ನೆಗೆ ಬರೋಣ. ಶ್ರೀರಂಗಪಟ್ಟಣದಲ್ಲೋ ತಲಕಾಡಿನಲ್ಲೋ ಹರಿಗೋಲು ಹುಟ್ಟು ಹಾಕುವವರು ದಿನದ ಕೆಲಸ ಮುಗಿದ ಮೇಲೆ ಅದನ್ನು ದಡಕ್ಕೆಳೆದು ಬೋರಲು ಹಾಕಿ ಹೋಗುವುದನ್ನು ನೋಡಿದ್ದೇವೆ. ಟಾರು ಬಳಿದ ಆ ತಳ ರಾತ್ರಿಯೆಲ್ಲ ಗಾಳಿಗೆ ಒಣಗುತ್ತದೆ, ಅದಕ್ಕೆ ಯಾವ ಜೀವಿಯೂ ಅಂಟಿ ಬೆಳೆಯಲಾರದು. ಹಡಗಿನ ತಳಕ್ಕೆ ಆ ಭಾಗ್ಯವಿಲ್ಲ. ಸರಕು ಹಡಗು ವರ್ಷಗಟ್ಟಲೆ ನೀರಿನಲ್ಲೇ ಇರುತ್ತದೆ. ಶ್ರೀಮಂತರ ವಿಹಾರ ದೋಣಿ ವರ್ಷದ ಹತ್ತು ತಿಂಗಳು ಮರೀನಾದಲ್ಲಿ, ಅಂದರೆ ವಿಹಾರ ದೋಣಿಗಳ ತಂಗುದಾಣದಲ್ಲಿ, ಕಟ್ಟಿಹಾಕಿಕೊಂಡಿದ್ದು ಎರಡು ತಿಂಗಳು ಓಡಾಡುತ್ತದೆ. ತೆಪ್ಪದಂಥ ಬಾರ್ಜುಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತು, ಒಂದು ದಿನ ನಿಧಾನವಾಗಿ ಎಳೆಸಿಕೊಂಡು ಇನ್ನೊಂದು ಬಂದರಿಗೆ ಹೋಗುತ್ತವೆ. ಈ ಕೊನೆಯದೇ ಎಲ್ಲಕ್ಕಿಂತ ಅಪಾಯಕಾರಿ ಎಂದು ನನ್ನ ಎಣಿಕೆ. ವೇಗವಾಗಿ ಹೋಗುವ ಹಡಗಿನ ತಳದಿಂದ ಅಂಟಿದ್ದೆಲ್ಲ ಸ್ವಲ್ಪಮಟ್ಟಿಗೆ ಕಿತ್ತುಹೋಗುತ್ತದೆ, ನಿಧಾನದ ಬಾರ್ಜಿನಿಂದ ಅಷ್ಟು ಹೋಗುವುದಿಲ್ಲ.

ಹಡಗಿನ ಸಮತೋಲನಕ್ಕೆ ತುಂಬಿಸುವ ಬ್ಯಾಲಸ್ಟ್ ನೀರಿನ ಮೂಲಕ ಎಷ್ಟೋ ಕಡಲಜೀವಿಗಳು ಖಂಡದಿಂದ ಖಂಡಕ್ಕೆ ಹೋಗಿರುವುದು ನಿಜ. ಆದರೆ ಅಸಿಡಿಯನ್ನಿನ ಮರಿ ಬ್ಯಾಲಸ್ಟ್ ತೊಟ್ಟಿಯ ಕತ್ತಲಿನಲ್ಲಿ ಎರಡು ಮೂರು ವಾರ ಈಜಿಕೊಂಡಿರುವುದು ಅಸಾಧ್ಯ. ಅದರ ಬುತ್ತಿ ಅಷ್ಟು ದಿನಕ್ಕೆ ಸಾಲದು. ಆದ್ದರಿಂದ ಇದರ ವಾಹನ ಬಹುಮಟ್ಟಿಗೆ ಹಡಗಿನ ತಳ, ಲಂಗರಿನ ಸರಪಳಿ, ನೀರು ಎಳೆದುಕೊಳ್ಳುವ ಕೊಳವೆಗಳ ಬಾಯಿ ಮತ್ತು ಸಾಕಾಣಿಕೆಗೆಂದು ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಸಾಗಿಸುವ ಸಿಂಪಿ, ಹಗ್ಗ, ಪಂಜರಗಳು. ಈ ವ್ಯತ್ಯಾಸ ಮುಖ್ಯವಾದದ್ದು. ಬ್ಯಾಲಸ್ಟ್ ನೀರಿನ ಕುರಿತ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ತಳಕ್ಕೆ ಅಂಟುವ ಜೀವಿಗಳ ಬಗ್ಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2011ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ್ದು ಮಾರ್ಗಸೂಚಿಯನ್ನು ಮಾತ್ರ, ಕಡ್ಡಾಯ ಕಾಯಿದೆಯನ್ನಲ್ಲ. ಮುಂಬಾಗಿಲಿಗೆ ಬೀಗ ಬಿದ್ದಿದೆ, ಅಸಿಡಿಯನ್ ಬರುವ ಹಿತ್ತಿಲ ಬಾಗಿಲು ಓರೆಯಾಗಿಯೇ ಇದೆ.

ಸ್ಟಯೆಲಾ ಕ್ಲಾವಾ ಎಂಬ ಪ್ರಭೇದದ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ತೊಟ್ಟಿನ ಮೇಲೆ ನಿಂತ ಸುಕ್ಕುಗಟ್ಟಿದ ಗದೆಯಂತಿರುವ, ಗೇಣುದ್ದ ಬೆಳೆಯಬಲ್ಲ ಈ ಒಂಟಿ ಅಸಿಡಿಯನ್ನಿನ ತವರು ಜಪಾನ್, ಕೊರಿಯಾ, ಉತ್ತರ ಚೀನಾಗಳ ಕಡಲು. 1953ರಲ್ಲಿ ಇದು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಕಾಣಿಸಿಕೊಂಡಿತು. ಕೊರಿಯಾ ಯುದ್ಧದಿಂದ ಮರಳಿದ ಯುದ್ಧನೌಕೆಗಳ ತಳ ಹಿಡಿದು ಬಂದಿರಬೇಕೆಂಬುದು ಎಲ್ಲರೂ ಒಪ್ಪುವ ಊಹೆ. 1990ರ ದಶಕದ ಕೊನೆಗೆ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕೊಲ್ಲಿಗಳಲ್ಲಿ, 2005ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ಪತ್ತೆಯಾಯಿತು. ಪ್ರಿನ್ಸ್ ಎಡ್ವರ್ಡ್ ದ್ವೀಪ ಕೆನಡಾದ ಸಾಕಣೆ ಚಿಪ್ಪುಮೀನಿನ ಬಹುಪಾಲನ್ನು ಬೆಳೆಯುವ ಜಾಗ. ಅಲ್ಲಿ ಬಲೆಯ ಉದ್ದನೆಯ ಕಾಲುಚೀಲಗಳಲ್ಲಿ ಚಿಪ್ಪುಮೀನಿನ ಮರಿಗಳನ್ನು ತುಂಬಿ, ನೀರಿನಲ್ಲಿ ಅಡ್ಡಲಾಗಿ ಕಟ್ಟಿದ ಹಗ್ಗಗಳಿಂದ ಪಡವಲಕಾಯಿಯಂತೆ ಇಳಿಬಿಡುತ್ತಾರೆ. ಅಸಿಡಿಯನ್ ಹತ್ತಿದ ಚೀಲ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಭಾರವಾಗಿ ಹಗ್ಗ ಜಗ್ಗುತ್ತದೆ, ಚಿಪ್ಪುಮೀನುಗಳು ಹಿಡಿತ ತಪ್ಪಿ ಕೆಳಗೆ ಉದುರುತ್ತವೆ, ಉಳಿದವುಗಳಿಗೆ ಊಟಕ್ಕೆ ಪೈಪೋಟಿ. ಕೊಯ್ಲಿನ ದಿನ ಮೇಲೆತ್ತಿದ ಚೀಲದಲ್ಲಿ ಬೆಳೆಗಿಂತ ಕಳೆಯೇ ಜಾಸ್ತಿ. ಬೆಳೆಗಾರರು ಸುಣ್ಣದ ನೀರಿನಲ್ಲಿ ಚೀಲಗಳನ್ನು ಅದ್ದಿ ಸ್ಟಯೆಲಾವನ್ನು ಹತೋಟಿಗೆ ತರಲು ಹೆಣಗುತ್ತಿರುವಾಗಲೇ 2004ರಲ್ಲಿ ಸಿಯೋನಾ ಎಂಬ ಮೆದುವಾದ, ಪಾರದರ್ಶಕ ಮೈಯ ಇನ್ನೊಂದು ಪರದೇಶಿ ಅಸಿಡಿಯನ್ ಬಂದು, ಕೆಲವು ಕೊಲ್ಲಿಗಳಲ್ಲಿ ಮೊದಲನೆಯದನ್ನೇ ಮೂಲೆಗೊತ್ತಿತು.

ಕೆಲಸಗಾರರ ಮೈಗೂ ಇದರ ಬಿಸಿ ತಟ್ಟಿದೆ. ಜಪಾನಿನ ಹಿರೋಶಿಮಾ ಸೀಮೆಯಲ್ಲಿ ಸಿಂಪಿಯ ಚಿಪ್ಪು ಬಿಡಿಸುವ ಕೆಲಸದವರು ಚಿಪ್ಪಿಗೆ ಅಂಟಿದ ಅಸಿಡಿಯನ್ನುಗಳನ್ನು ಸುತ್ತಿಗೆಯಿಂದ ಬಡಿದು ತೆಗೆಯುವಾಗ, ಗಾಳಿಗೆ ಹಾರುವ ಅದರ ರಸದ ಹನಿಗಳಿಂದ ಉಬ್ಬಸಕ್ಕೆ ತುತ್ತಾಗುತ್ತಿದ್ದರು. ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ಕೂತು ಬಡಿಯುವ ಕೂಲಿಯವರ ಕಾಯಿಲೆ ಅದು.

ಗುಂಪು ಅಸಿಡಿಯನ್ನುಗಳಲ್ಲಿ ಅತ್ಯಂತ ಕುಖ್ಯಾತವಾದದ್ದು ಡಿಡೆಮ್ನಮ್ ವೆಕ್ಸಿಲ್ಲಮ್. ಹಳದಿ ಮಿಶ್ರಿತ ಕೆನೆಬಣ್ಣದ ಇದರ ಹಾಸು ಹಗ್ಗಗಳಿಂದಲೂ ಕಂಬಗಳಿಂದಲೂ ಇಳಿಬಿದ್ದಾಗ, ಉರಿದ ಮೇಣದ ಬತ್ತಿಯ ಬದಿಯಲ್ಲಿ ಸೋರಿ ಹೆಪ್ಪುಗಟ್ಟಿದ ಮೇಣದಂತೆ ಕಾಣುತ್ತದೆ. 2001ರಲ್ಲಿ ನ್ಯೂಜಿಲೆಂಡಿನ ಫಂಗಮಟಾ ಬಂದರಿನಲ್ಲಿ ಇದು ಒಮ್ಮೆಲೇ ಹಬ್ಬಿದ್ದು ಕಣ್ಣಿಗೆ ಬಿತ್ತು. ಅಸಿಡಿಯನ್ ತಜ್ಞೆ ಪೆಟ್ರೀಷಿಯಾ ಕಾಟ್ 2002ರಲ್ಲಿ ಇದಕ್ಕೆ ಹೊಸ ಪ್ರಭೇದವೆಂದು ಹೆಸರಿಟ್ಟರು, ಮತ್ತು ಇದು ನ್ಯೂಜಿಲೆಂಡಿನದೇ ಸ್ವಂತ ಜೀವಿಯೆಂದು ಭಾವಿಸಿದರು. ಇದರ ಪರಿಣಾಮ ವಿಜ್ಞಾನದ ಹಾಳೆಗಳಲ್ಲಷ್ಟೇ ಉಳಿಯಲಿಲ್ಲ. ಊರಿನದೇ ಪ್ರಾಣಿಯಾದರೆ ಅದನ್ನು ಹಣ ಸುರಿದು ಕೊಲ್ಲುವುದೇಕೆ ಎಂಬ ಪ್ರಶ್ನೆ ಆಡಳಿತಕ್ಕೆ ಸಹಜವಾಗಿ ಬರುತ್ತದೆ. ಚರ್ಚೆ ನಡೆಯುತ್ತಿರುವಾಗಲೇ ಉಕ್ಕಿನ ಬಾರ್ಜೊಂದು ಉತ್ತರದ ಟೌರಂಗಾದಿಂದ ದಕ್ಷಿಣ ದ್ವೀಪದ ಪಿಕ್ಟನ್ ಬಳಿಯ ಶೇಕ್ಸ್‌ಪಿಯರ್ ಕೊಲ್ಲಿಗೆ ಬಂದು ನಿಂತಿತ್ತು. ಅದರ ತಳದಿಂದ ಉದುರಿದ ತುಣುಕುಗಳು ಕಡಲತಳದಲ್ಲಿ ಬೆಳೆಯತೊಡಗಿದವು. ಆಮೇಲೆ ಬಂದರಿನ ಕಂಬಗಳಿಗೆ ಪ್ಲಾಸ್ಟಿಕ್ ಸುತ್ತಿದರು, ತಳದ ಮೇಲೆ ಹೂಳು ಸುರಿದು ಹೂತರು, ಹಲವು ವರ್ಷ ಹೋರಾಡಿದರು. ಕೊನೆಗೆ ಅದು ಸೋತ ಯುದ್ಧವೆಂದು ಕೈಬಿಡಬೇಕಾಯಿತು. 2009ರ ಹೊತ್ತಿಗೆ ಗ್ರೆಚೆನ್ ಲ್ಯಾಂಬರ್ಟ್ ಜಪಾನಿನ ಹಳೆಯ ಮಾದರಿಗಳೊಡನೆ ಹೋಲಿಸಿ ಇದರ ತವರು ಜಪಾನ್ ಇರಬೇಕೆಂದು ವಾದಿಸಿದರು, ಡಿಎನ್‌ಎ ಅಧ್ಯಯನಗಳೂ ಅದನ್ನೇ ಬೆಂಬಲಿಸಿದವು.

ಹೆಸರು ತಡವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾವೇರಿಯಲ್ಲೂ ಉದಾಹರಣೆಯಿದೆ. ಕಿತ್ತಳೆ ಬಣ್ಣದ ಈಜುರೆಕ್ಕೆಯ, ಬೆನ್ನು ಉಬ್ಬಿದ ದೊಡ್ಡ ಬಿಳಿಮೀನು, ಅಂದರೆ ಮಹಸೀರ್, ಯಾವ ಪ್ರಭೇದ ಎಂಬುದು ಖಚಿತವಾದದ್ದು 2018ರಲ್ಲಿ. ಅಷ್ಟರೊಳಗೆ ಹೊರಗಿನ ಮರಿಕೇಂದ್ರಗಳಲ್ಲಿ ಬೆಳೆಸಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ನದಿಯಲ್ಲಿ ತುಂಬಿಹೋಗಿತ್ತು, ಹೆಸರು ಸಿಕ್ಕ ವರ್ಷವೇ ಸ್ಥಳೀಯ ಮೀನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಹೇಳಬಲ್ಲ ವರ್ಗೀಕರಣ ತಜ್ಞರನ್ನು ವಿಶ್ವವಿದ್ಯಾಲಯಗಳು ಹಳೆಯ ಕಾಲದ ಪಳೆಯುಳಿಕೆಗಳಂತೆ ಕಾಣುತ್ತಿರುವ ಈ ಕಾಲದಲ್ಲಿ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಡಿಡೆಮ್ನಮ್ ಬಂದರು ಬಿಟ್ಟು ತೆರೆದ ಕಡಲಿಗೂ ಇಳಿದಿದೆ. ಅಮೆರಿಕದ ಈಶಾನ್ಯ ಕರಾವಳಿಯಾಚೆಯ ಜಾರ್ಜಸ್ ಬ್ಯಾಂಕ್ ಎಂಬ ಹೆಸರಾಂತ ಮೀನುಗಾರಿಕೆ ಪ್ರದೇಶದಲ್ಲಿ, 45ರಿಂದ 65 ಮೀಟರ್ ಆಳದ ನುರುಜುಗಲ್ಲಿನ ತಳದಲ್ಲಿ, ಅದು ಈ ಶತಮಾನದ ಆರಂಭದಲ್ಲಿ ಕಂಡುಬಂತು. ಕೆಲವೇ ವರ್ಷಗಳಲ್ಲಿ ಅದು ಹಬ್ಬಿದ್ದ ಪ್ರದೇಶ 200 ಚದರ ಕಿಲೋಮೀಟರನ್ನು ಮೀರಿತ್ತು. ಅಲ್ಲಿನ ಸ್ಕ್ಯಾಲಪ್ ಎಂಬ ಬೆಲೆಬಾಳುವ ಚಿಪ್ಪುಜೀವಿಯ ಮರಿಗಳು ನೆಲೆಯೂರಲು ಗಟ್ಟಿ ನುರುಜು ಬೇಕು. ಡಿಡೆಮ್ನಮ್ ಹಾಸಿನ ಮೇಲೆ ಅವು ಕೂರುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ತಳವನ್ನು ಗೀರುವ ಮೀನುಗಾರಿಕೆಯ ಬಲೆಗಳು ಹಾಸನ್ನು ಹರಿದು ತುಣುಕುಗಳನ್ನು ಮುಂದಕ್ಕೆ ಚೆಲ್ಲುವುದೂ ಹರಡುವಿಕೆಗೆ ಒಂದು ದಾರಿ. ಮೀನುಗಾರನೇ ತಿಳಿಯದೆ ಬಿತ್ತುವ ರೈತನಾಗುತ್ತಾನೆ.

ಹೊಸ ಜಾಗದಲ್ಲಿ ಇವು ಗೆಲ್ಲುವುದೇಕೆ? ಶತ್ರುಗಳು ಕಡಿಮೆ ಎಂಬ ಉತ್ತರ ಸರಿಯಾದರೂ ಪೂರ್ಣವಲ್ಲ. ಇವು ಹೆಚ್ಚಾಗಿ ಹಬ್ಬುವುದು ಸಹಜ ಬಂಡೆಗಳಿಗಿಂತ ಮನುಷ್ಯ ಕಟ್ಟಿದ ಮೇಲ್ಮೈಗಳ ಮೇಲೆ: ತೇಲುವ ಕಟ್ಟೆಗಳ ತಳ, ಕಾಂಕ್ರೀಟ್ ಕಂಬ, ಪ್ಲಾಸ್ಟಿಕ್ ಪೀಪಾಯಿ, ನೈಲಾನ್ ಹಗ್ಗ. ತೇಲುವ ಕಟ್ಟೆ ಉಬ್ಬರದೊಂದಿಗೆ ಏರಿ ಇಳಿತದೊಂದಿಗೆ ಇಳಿಯುವುದರಿಂದ ಅದರ ತಳ ಎಂದೂ ಒಣಗುವುದಿಲ್ಲ, ತಳದಿಂದ ತೆವಳಿ ಬರುವ ನಕ್ಷತ್ರಮೀನು, ಏಡಿ, ಕಡಲಮುಳ್ಳಿಗಳು ಅದನ್ನು ತಲುಪಲಾರವು, ನೆರಳಿರುವುದರಿಂದ ಕಡಲಪಾಚಿಯ ಪೈಪೋಟಿಯೂ ಇಲ್ಲ. ನೆರಳಿನ ಗಟ್ಟಿ ಜಾಗ ಹುಡುಕುವ ಮರಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಇದರ ಜೊತೆಗೆ ಕಾವೇರುತ್ತಿರುವ ಕಡಲು. ಅಮೆರಿಕದ ಕನೆಕ್ಟಿಕಟ್ ಕರಾವಳಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಳಿಗಾಲದ ನೀರು ಬೆಚ್ಚಗಿದ್ದ ವರ್ಷಗಳಲ್ಲಿ ಹೊರಗಿನ ಅಸಿಡಿಯನ್ನುಗಳು ಬೇಗನೆ ಮರಿಹಾಕಿ ಜಾಗ ಹಿಡಿಯುತ್ತವೆ, ಸ್ಥಳೀಯ ಪ್ರಭೇದಗಳು ತಡವಾಗಿ ಬಂದಾಗ ಕೂರಲು ಎಡೆಯಿರುವುದಿಲ್ಲ ಎಂದು ತೋರಿಸಿತು. ಬಸ್ಸಿಗೆ ಮೊದಲು ಹತ್ತಿ ಟವೆಲ್ ಹಾಕಿದವರಿಗೇ ಸೀಟು.

ಒಮ್ಮೆ ಬೇರೂರಿದ್ದನ್ನು ಕಿತ್ತುಹಾಕುವ ಪ್ರಯತ್ನಗಳಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ವೇಲ್ಸ್‌ನ ಹೋಲಿಹೆಡ್ ಮರೀನಾದ ಕಥೆ. ಅಲ್ಲಿ ಡಿಡೆಮ್ನಮ್ 2008ರಲ್ಲಿ ಪತ್ತೆಯಾಯಿತು, ಇಡೀ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ. ಬೇಗ ಗೊತ್ತಾದದ್ದು ಅದೃಷ್ಟ. ಮರೀನಾದ ಒಂದೊಂದು ತೇಲುಕಟ್ಟೆಯನ್ನೂ ಮುಳುಗುಗಾರರು ನೀರಿನಡಿಯಲ್ಲಿ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿದರು. ಒಳಗೆ ಸಿಕ್ಕಿಬಿದ್ದ ನೀರಿನಲ್ಲಿ ಆಮ್ಲಜನಕ ಮುಗಿದು ಜೀವಿಗಳು ಸಾಯಬೇಕು. ಬೇಗ ಸಾಯಲೆಂದು ಚೀಲದೊಳಕ್ಕೆ ನಮ್ಮ ನಗರಪಾಲಿಕೆಯವರು ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿಯಂಥ ಕ್ಲೋರಿನ್ ಸಂಯುಕ್ತವನ್ನೂ ಬೆರೆಸಿದರು. ಚಳಿಗಾಲದ ಕಡಲಿನಲ್ಲಿ, ಬಿರುಗಾಳಿಗೆ ಹರಿದ ಚೀಲಗಳನ್ನು ಮತ್ತೆ ಮತ್ತೆ ಸರಿಪಡಿಸುತ್ತ, ತಿಂಗಳುಗಟ್ಟಲೆ ನಡೆದ ಕೆಲಸವದು. 2010ರ ವಸಂತದ ಹೊತ್ತಿಗೆ ಮರೀನಾ ಸ್ವಚ್ಛವಾದಂತೆ ಕಂಡಿತು. ಅದೇ ವರ್ಷ ಬೇಸಿಗೆ ಕಳೆಯುವುದರೊಳಗೆ ಎಳೆಯ ಹಾಸುಗಳು ಮತ್ತೆ ತಲೆಯೆತ್ತಿದ್ದವು. ಎಲ್ಲೋ ಒಂದು ಸರಪಳಿಯ ಸಂದಿಯಲ್ಲೋ, ಮುಚ್ಚದೆ ಉಳಿದ ದೋಣಿಯ ತಳದಲ್ಲೋ ಒಂದು ಚೂರು ಉಳಿದಿದ್ದರೂ ಸಾಕಿತ್ತು. ಅಲಾಸ್ಕದ ಸಿಟ್ಕಾ ಬಳಿಯ ವೈಟಿಂಗ್ ಬಂದರಿನಲ್ಲಿ 2010ರಲ್ಲಿ ಇದೇ ಪ್ರಭೇದ ಸಿಕ್ಕಾಗ, ಜನಸಾಮಾನ್ಯರೂ ವಿಜ್ಞಾನಿಗಳೂ ಸೇರಿ ಜೀವಿಗಳನ್ನು ಎಣಿಸುತ್ತಿದ್ದ ದಿನ ಅದು ಕಣ್ಣಿಗೆ ಬಿದ್ದಿತ್ತು. ಅದು ಅಂಟಿಕೊಂಡಿದ್ದದ್ದು ಪಾಳುಬಿದ್ದ ಸಿಂಪಿ ಪಂಜರಗಳಿಗೆ.

ಸ್ವಚ್ಛ ಮಾಡುವ ವಿಧಾನಗಳಲ್ಲಿ ಪ್ರಭೇದಕ್ಕೆ ತಕ್ಕ ವಿವೇಕ ಬೇಕು. ಮೆದು ಮೈಯ ಸಿಯೋನಾವನ್ನು ಒತ್ತಡದ ನೀರು ಹಾಯಿಸಿ ಸಿಡಿಸಿಬಿಡಬಹುದು, ಒಂಟಿ ಜೀವಿಯಾದ್ದರಿಂದ ಚೂರುಗಳು ಚಿಗುರುವುದಿಲ್ಲ. ಅದೇ ನೀರನ್ನು ಡಿಡೆಮ್ನಮ್ ಮೇಲೆ ಹಾಯಿಸಿದರೆ ಕೊಲ್ಲಿಯ ತುಂಬ ಬಿತ್ತನೆ ಮಾಡಿದಂತೆ. ಅದಕ್ಕೆ ವಿನಿಗರ್ ಅಥವಾ ಸುಣ್ಣದ ನೀರಿನಲ್ಲಿ ಅದ್ದುವುದು, ದೋಣಿಯನ್ನು ದಡಕ್ಕೆ ತಂದು ದಿನಗಟ್ಟಲೆ ಒಣಗಿಸುವುದು ಮೇಲು. ನೀರಿನಲ್ಲಿರುವಾಗಲೇ ದೋಣಿಯ ತಳವನ್ನು ಕೆರೆದು ತುಣುಕುಗಳನ್ನು ಅಲ್ಲಿಯೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ, ಆದರೆ ಅಗ್ಗವಾದ್ದರಿಂದ ಜಗತ್ತಿನ ಎಲ್ಲೆಡೆ ಚಾಲ್ತಿಯಲ್ಲಿರುವುದು ಅದೇ. ಹಿಂದೆ ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಬಣ್ಣ ಇಂಥ ಜೀವಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ; ಆದರೆ ಅದರ ವಿಷ ಸಿಂಪಿಗಳ ಚಿಪ್ಪನ್ನು ವಿಕಾರಗೊಳಿಸಿ, ಕಡಲ ಬಸವನಹುಳುಗಳಲ್ಲಿ ಹೆಣ್ಣುಗಳಿಗೆ ಗಂಡಿನ ಅಂಗ ಮೂಡಿಸಿದ್ದರಿಂದ 2008ರಲ್ಲಿ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂತು. ನಿಷೇಧ ನ್ಯಾಯವಾದದ್ದೇ. ಅದರ ಜಾಗಕ್ಕೆ ಬಂದ ತಾಮ್ರದ ಬಣ್ಣಗಳನ್ನು ಕೆಲವು ಜೀವಿಗಳು ಸಹಿಸಿಕೊಳ್ಳುತ್ತವೆ ಎಂಬುದು ಅದರೊಡನೆ ಬಂದ ತಲೆನೋವು.

ತಿಂದು ಮುಗಿಸಿದರಾಯಿತಲ್ಲ ಎಂಬ ಮಾತು ಪ್ರತಿ ಆಕ್ರಮಣಕಾರಿ ಜೀವಿಯ ವಿಷಯದಲ್ಲೂ ಬರುತ್ತದೆ. ಕೊರಿಯಾದಲ್ಲಿ ಸ್ಟಯೆಲಾ ಕ್ಲಾವಾ ಮಿಡೊಡೊಕ್ ಎಂಬ ಹೆಸರಿನ ರುಚಿಕರ ಆಹಾರ. ಜಪಾನಿನಲ್ಲಿ ಹೋಯಾ ಎಂಬ ಇನ್ನೊಂದು ಅಸಿಡಿಯನ್ನನ್ನು ಸಾಕುತ್ತಾರೆ. ಹೊಸ ನಾಡುಗಳಲ್ಲೂ ಮಾರುಕಟ್ಟೆ ಹುಟ್ಟಿಸಿದರೆ ಜನರೇ ಹಿಡಿದು ತೆಗೆಯುತ್ತಾರೆ ಎಂಬುದು ವಾದ. ನನಗೆ ಇದರಲ್ಲಿ ನಂಬಿಕೆಯಿಲ್ಲ. ನಮ್ಮ ಕೆರೆಗಳ ಜಿಲೇಬಿ ಮೀನನ್ನೇ ನೋಡಿ. ಆಫ್ರಿಕಾ ಮೂಲದ ಟಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದದ್ದೇ ತಿನ್ನಲೆಂದು. ಏಳು ದಶಕಗಳಿಂದ ಮೈಸೂರು, ಮಂಡ್ಯಗಳ ಸಂತೆಗಳಲ್ಲಿ ಅದನ್ನು ಮಾರುತ್ತಲೇ ಇದ್ದಾರೆ, ಮನೆಮನೆಯಲ್ಲಿ ಸಾರು ಮಾಡುತ್ತಲೇ ಇದ್ದಾರೆ. ಕೆರೆಯಲ್ಲಿ ಅದು ಕಡಿಮೆಯಾಗಿಲ್ಲ. ಬೆಲೆ ಬಂದ ಜೀವಿಯನ್ನು ಜನ ಮುಗಿಸುವುದಿಲ್ಲ, ಇಲ್ಲದ ಕಡೆಗೂ ತಂದು ಬಿಡುತ್ತಾರೆ.

ಭಾರತದ ಮಟ್ಟಿಗೆ ಹೇಳುವುದಾದರೆ ಭೀತಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಡಿಡೆಮ್ನಮ್ ವೆಕ್ಸಿಲ್ಲಮ್ ತಂಪು ಕಡಲಿನ ಜೀವಿ. ಮಲ್ಪೆಯ ದಕ್ಕೆಗೆ ಅದು ನಾಳೆಯೇ ಬರುತ್ತದೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಮಳೆಗಾಲದಲ್ಲಿ ನೇತ್ರಾವತಿ, ಕಾಳಿ, ಶರಾವತಿಗಳು ಸುರಿಯುವ ಸಿಹಿನೀರು ನಮ್ಮ ಅಳಿವೆಗಳ ಉಪ್ಪನ್ನು ತೀರ ತಗ್ಗಿಸುವುದರಿಂದ ಅಲ್ಲಿ ಅಂಟಿಕೊಂಡ ಅಸಿಡಿಯನ್ನುಗಳಿಗೆ ಪ್ರತಿವರ್ಷ ಒಂದು ದೊಡ್ಡ ಪೆಟ್ಟು ಬೀಳುತ್ತದೆ. ಪ್ರಕೃತಿ ಕೊಟ್ಟ ತೊಳೆತ ಅದು. ಆದರೆ ಬೆಚ್ಚನೆಯ ನೀರಿಗೆ ಒಗ್ಗುವ, ಬಂದರಿನಿಂದ ಬಂದರಿಗೆ ಹೋಗುವ ಅಸಿಡಿಯನ್ನುಗಳು ಬೇರೆಯೇ ಇವೆ. ತೂತ್ತುಕುಡಿ ಬಂದರಿನ ಸುತ್ತಮುತ್ತ ಸಂಶೋಧಕರು ಇವನ್ನು ಬಹುಕಾಲದಿಂದ ದಾಖಲಿಸುತ್ತ ಬಂದಿದ್ದಾರೆ. ಬೇರೆ ಗುಂಪಿನ ಅತಿಥಿಗಳು ಈಗಾಗಲೇ ಒಳಗಿದ್ದಾರೆ. ದಕ್ಷಿಣ ಅಮೆರಿಕ ಮೂಲದ ಚಾರು ಎಂಬ ಚಿಪ್ಪುಮೀನು ಕಳೆದ ದಶಕದ ಕೊನೆಯ ಹೊತ್ತಿಗೆ ಕೇರಳದ ಅಷ್ಟಮುಡಿ, ಕೊಚ್ಚಿ ಹಿನ್ನೀರುಗಳಲ್ಲಿ ದಟ್ಟವಾಗಿ ಹಬ್ಬಿ ಸ್ಥಳೀಯ ಚಿಪ್ಪುಮೀನಿನ ಜಾಗವನ್ನು ಆಕ್ರಮಿಸಿತು. ನಮ್ಮ ಕರಾವಳಿಯವರು ನೀಲಿಕಲ್ಲು ಎಂದು ಕರೆಯುವ ಹಸಿರು ಚಿಪ್ಪುಮೀನನ್ನು ಹಗ್ಗಗಳ ಮೇಲೆ ಸಾಕುವ ಪ್ರಯತ್ನ ಹೆಚ್ಚಾದಷ್ಟೂ ಪ್ರಿನ್ಸ್ ಎಡ್ವರ್ಡ್ ದ್ವೀಪದ ಅನುಭವ ನಮಗೆ ದೂರದ ಸುದ್ದಿಯಾಗಿ ಉಳಿಯುವುದಿಲ್ಲ. ಒಂದು ಅಳಿವೆಯ ಹಗ್ಗವನ್ನು ಒಣಗಿಸದೆ ಇನ್ನೊಂದಕ್ಕೆ ಒಯ್ಯಬಾರದು ಎಂಬ ಶಿಸ್ತು ಮೊದಲ ದಿನದಿಂದಲೇ ಬಂದರೆ ಅದಕ್ಕೆ ಖರ್ಚೇನೂ ಇಲ್ಲ, ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ.

ನ್ಯೂಜಿಲೆಂಡ್ 2018ರ ಮೇ ತಿಂಗಳಿನಿಂದ ತನ್ನ ನೀರಿಗೆ ಬರುವ ಪ್ರತಿ ಹಡಗಿನ ತಳವೂ ಸ್ವಚ್ಛವಾಗಿರಬೇಕೆಂದು ಕಡ್ಡಾಯ ಮಾಡಿದೆ. ಪೆಟ್ಟು ತಿಂದವರ ಕಾನೂನು ಅದು. ಪೆಟ್ಟು ತಿನ್ನುವ ಮೊದಲು ಮಾಡಬಹುದಾದ ಕೆಲಸ ಇನ್ನೂ ಸರಳ: ಬಂದರಿನ ಕಟ್ಟೆಯಿಂದ ಅಂಗೈಯಗಲದ ಪ್ಲಾಸ್ಟಿಕ್ ಫಲಕಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು, ಕೆಲವು ತಿಂಗಳಿಗೊಮ್ಮೆ ಮೇಲೆತ್ತಿ ಯಾರು ಯಾರು ಬಂದು ಕೂತಿದ್ದಾರೆಂದು ನೋಡುವುದು. ಫಲಕಕ್ಕೆ ಹೆಚ್ಚು ಹಣ ಬೇಡ. ಬೇಕಾದದ್ದು ಬಂದು ಕೂತವರ ಹೆಸರು ಹೇಳಬಲ್ಲ ಕಣ್ಣು. ಕೆನೆಬಣ್ಣದ ಹಾಸೊಂದು ಸಿಕ್ಕಾಗ ಅದು ಡಿಡೆಮ್ನಮ್ ಬಳಗಕ್ಕೆ ಸೇರಿದ್ದೇ ಅಲ್ಲವೇ ಎಂದು ತಿಳಿಯಲು ಮೊದಲ ಹೆಜ್ಜೆಯಾಗಿ ಅದರ ಒಂದು ಚೂರನ್ನು ಬ್ಲೀಚ್‌ನಲ್ಲಿ ಹಾಕಿ ಮಾಂಸವನ್ನು ಕರಗಿಸುತ್ತಾರೆ, ತಳದಲ್ಲಿ ಉಳಿದ ಬಿಳಿಯ ಪುಡಿಯನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಸುಣ್ಣದ ಪುಟ್ಟ ನಕ್ಷತ್ರಗಳು ಕಂಡರೆ ಮುಂದಿನ ಪರೀಕ್ಷೆ ಮರಿಯದ್ದು, ಆಮೇಲೆ ಡಿಎನ್‌ಎಯದ್ದು. ಕರಗಿಸುವ ದ್ರಾವಣ ಬೇರೆ, ಕಾಣುವ ಆಕಾರ ಬೇರೆ. ಉಳಿದಂತೆ ಇದು ಮೈಸೂರಿನ ಪ್ರಯೋಗಾಲಯದಲ್ಲಿ ಅಂಕಕ್ಕಾಗಿ ನಾವು ಮಾಡಿ ಮರೆತ ಅದೇ ಪ್ರಯೋಗ.